ಹೊಸದಾಗಿ ಮನೆಗೆ ಬಂದವರಿಗೆ ಕಸದ ವಿಚಾರ ಹೇಳುವುದು: ಏನು, ಯಾವಾಗ, ಎಷ್ಟು?

ಎರಡನೇ ಮಹಡಿ:

ನಮ್ಮ ವಸತಿ ಸಂಘದಿಂದ ಹೊಸ ನಿವಾಸಿಗಳಿಗೆ ಕೊಡಲು ಒಂದು ಸ್ವಾಗತ ಕೈಪಿಡಿ ತಯಾರಾಗುತ್ತಿದೆ. ಕಸ ಕಡಿಮೆ ಮಾಡುವುದು, ಬೇರ್ಪಡಿಸುವುದು, ಯಾವುದನ್ನು ಎಲ್ಲಿ ಕೊಡಬೇಕು ಎಂಬುದೆಲ್ಲ ಅದರಲ್ಲಿದೆ. ಕರಡು ಈಗಲೇ 16 ಪುಟ ದಾಟಿದೆ. ಜೊತೆಗೆ ಒಂದೊಂದು ಬಟ್ಟೆ ಚೀಲ ಕೊಡೋಣ ಎಂಬ ಸಲಹೆಯೂ ಬಂದಿದೆ. ಬಾಡಿಗೆಯವರೇ ಹೆಚ್ಚಾದ್ದರಿಂದ ವರ್ಷವಿಡೀ ಯಾರಾದರೊಬ್ಬರು ಬರುತ್ತಲೇ ಇರುತ್ತಾರೆ.

ಗೊತ್ತಿರುವವರು ಹೇಳಿ. ಇಷ್ಟೆಲ್ಲ ಬರೆಯಬೇಕೇ? ಯಾವಾಗ ಕೊಟ್ಟರೆ ಓದುತ್ತಾರೆ? ಚೀಲ ಕೊಡುವುದು ಸರಿಯೇ? ಕೊಟ್ಟದ್ದರಿಂದ ಉಪಯೋಗವಾಯಿತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಜಾಗೃತಿಯ ಭಾಷಣ ಬೇಡ, ಹೀಗೆ ಮಾಡಿ ಎನ್ನುವಂಥ ವಿವರ ಬೇಕು.

ಕಸಬರಿಗೆ:

ಹದಿನಾರು ಪುಟವನ್ನು ಯಾರೂ ಓದುವುದಿಲ್ಲ. ಮನೆ ಬದಲಾಯಿಸಿದ ವಾರದಲ್ಲಂತೂ ಓದುವ ಪ್ರಶ್ನೆಯೇ ಇಲ್ಲ. ಆದರೆ ನೀವು ಹಿಡಿದಿರುವ ಸಮಯ ಮಾತ್ರ ತುಂಬ ಒಳ್ಳೆಯದು. ಹಳೆಯ ಮನೆಯಲ್ಲಿ ಕೈ ತಾನಾಗಿಯೇ ಒಂದು ಡಬ್ಬದ ಕಡೆ ಹೋಗುತ್ತಿತ್ತು. ಹೊಸ ಮನೆಯಲ್ಲಿ ಡಬ್ಬ ಎಲ್ಲಿಡಬೇಕು ಎಂಬುದೇ ಇನ್ನೂ ತೀರ್ಮಾನವಾಗಿರುವುದಿಲ್ಲ. ಅಭ್ಯಾಸ ಸಡಿಲವಾಗಿರುವ ಹೊತ್ತು ಅದು. ಸಂಶೋಧಕರಾದ ಬಾಸ್ ವರ್ಪ್ಲಾಂಕೆನ್ ಮತ್ತು ಡೆಬೋರಾ ರಾಯ್ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 800 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಕಂಡುಬಂದಿದೆ. ಪರಿಸರಸ್ನೇಹಿ ಅಭ್ಯಾಸಗಳ ಬಗ್ಗೆ ಒಂದೇ ಬಗೆಯ ಮಾಹಿತಿ, ನೆರವು ಕೊಟ್ಟರೂ ಇತ್ತೀಚೆಗೆ ಮನೆ ಬದಲಾಯಿಸಿದವರಲ್ಲಿ ಅದರ ಪರಿಣಾಮ ಹೆಚ್ಚಾಗಿತ್ತು. ಆ ಅವಕಾಶದ ಕಿಟಕಿ ತೆರೆದಿರುವುದು ಸುಮಾರು 3 ತಿಂಗಳು. ಆಮೇಲೆ ಎಲ್ಲರಂತೆ ಅವರೂ.

ಹಾಗಾಗಿ ಆ ಮೂರು ತಿಂಗಳನ್ನು ಮೂರು ಕಂತಾಗಿ ಬಳಸಿ.

ಮೊದಲನೆಯದು ಅವರು ಬರುವ ಮೊದಲೇ, ಬಾಡಿಗೆ ಕರಾರಿಗೆ ಸಹಿ ಬಿದ್ದ ದಿನ. ಎರಡೇ ವಾಕ್ಯದ ಸಂದೇಶ ಸಾಕು: "ಸಾಮಾನು ಕಟ್ಟಲು ಬಳಸಿದ ರಟ್ಟಿನ ಪೆಟ್ಟಿಗೆಗಳು ಇಲ್ಲಿವೆ, ಬೇಕಾದರೆ ಒಯ್ಯಿರಿ. ಇಲ್ಲಿ ಈ ಈ ವಸ್ತುಗಳನ್ನು ಕಸದವರು ತೆಗೆದುಕೊಳ್ಳುವುದಿಲ್ಲ, ಅಲ್ಲಿಂದ ಹೊತ್ತು ತರಬೇಡಿ." ಹಳೆಯ ಹಾಸಿಗೆ, ಅರ್ಧ ಖಾಲಿಯಾದ ಪೇಂಟ್ ಡಬ್ಬ, ಕೆಟ್ಟ ಮಾನಿಟರ್, ಇವೆಲ್ಲ ಲಾರಿ ಹತ್ತುವ ಮೊದಲೇ ತೀರ್ಮಾನವಾಗಬೇಕಾದವು. ಇಲ್ಲಿಗೆ ಬಂದಿಳಿದ ಮೇಲೆ ಮೆಟ್ಟಿಲ ಕೆಳಗೆ ಸೇರುತ್ತವೆ, ಮತ್ತೆ ಕದಲುವುದಿಲ್ಲ.

ಎರಡನೆಯದು ಬಂದ 2ರಿಂದ 4ನೇ ದಿನದ ಒಳಗೆ, ಒಂದೇ ಹಾಳೆ, ಕೈಯಾರೆ. ಮೊದಲ ದಿನವೇ ಹೋಗಬೇಡಿ. ಬಾಗಿಲಿಗೆ ಅಂಟಿಸಿಯೂ ಬರಬೇಡಿ, ಕೊಟ್ಟವರ ಮುಖ ನೆನಪಿದ್ದರೆ ಮುಂದೆ ಅನುಮಾನ ಬಂದಾಗ ಕೇಳುತ್ತಾರೆ. ಮೂರನೆಯದು 4ನೇ ವಾರದಲ್ಲಿ, "ಏನಾದರೂ ಗೊಂದಲ ಇದೆಯಾ?" ಎಂದು ಕೇಳಿ ಬರುವುದು. ನಿಜವಾದ ಪ್ರಶ್ನೆಗಳು ಹುಟ್ಟುವುದು ಆ ಹೊತ್ತಿಗೇ. ಉಳಿದ ಹದಿನೈದು ಪುಟ ಕಚೇರಿಯ ಕಡತದಲ್ಲಿರಲಿ, ಕೇಳಿದವರಿಗೆ ತೋರಿಸಿದರಾಯಿತು.

ಗುಜರಿ ಗೆಳೆಯ:

ಕಸಬರಿಗೆ ಹೇಳಿದ ಮೊದಲ ಕಂತಿಗೆ ಸ್ವಲ್ಪ ಸೇರಿಸುತ್ತೇನೆ. ಹೊಸ ಮನೆಯಿಂದ ಹೊರಬೀಳುವ ಮೊದಲ ಕಸವೇ ಸಾಮಾನು ಕಟ್ಟಿದ ಕಸ. ಅದನ್ನು ಹೇಗೆ ವಿಲೇವಾರಿ ಮಾಡುತ್ತಾರೋ ಅದೇ ರೂಢಿಯಾಗುವುದರಿಂದ ನಿಮ್ಮ ಹಾಳೆಯ ಮೊದಲ ಸಾಲು ಅದರ ಮೇಲೇ ಇರಲಿ.

ರಟ್ಟಿನ ಪೆಟ್ಟಿಗೆ: ಗಟ್ಟಿ ಇರುವುದನ್ನು ಚಪ್ಪಟೆ ಮಾಡಿ ಒಣ ಜಾಗದಲ್ಲಿ ನಿಲ್ಲಿಸಿ ಇಡಿ, ಮುಂದೆ ಬರುವವರಿಗೋ ಹೋಗುವವರಿಗೋ ಆಗುತ್ತದೆ. ಬಿಚ್ಚುವಾಗ ಚಾಕುವಿನಿಂದ ಟೇಪನ್ನಷ್ಟೇ ಕೊಯ್ಯಬೇಕು, ರಟ್ಟಿನ ಕಿವಿ ಕತ್ತರಿಸಿದರೆ ಪೆಟ್ಟಿಗೆ ಮತ್ತೆ ಭಾರ ತಡೆಯುವುದಿಲ್ಲ. ತಳ ಕುಸಿದದ್ದು ಗುಜರಿಗೆ. ಅಲ್ಲೊಂದು ಇಲ್ಲೊಂದು ಟೇಪ್ ತುಂಡು ಉಳಿದರೆ ಪರವಾಗಿಲ್ಲ, ಕಾಗದದ ಗಿರಣಿಯಲ್ಲಿ ರಟ್ಟನ್ನು ನೀರಿನಲ್ಲಿ ಕಲಸಿದಾಗ ಅದು ಬೇರೆಯಾಗುತ್ತದೆ. ಮೇಲಿಂದ ಕೆಳಗಿನವರೆಗೂ ಟೇಪ್ ಸುತ್ತಿದ್ದರೆ ಮಾತ್ರ ಎಳೆದು ತೆಗೆಯಿರಿ. ನಿಜವಾದ ಶತ್ರು ಎಣ್ಣೆ ಮತ್ತು ಮಳೆ. ಎಣ್ಣೆ ನೀರಿನಲ್ಲಿ ಬೆರೆಯದೆ ನಾರಿಗೆ ಅಂಟಿಕೊಂಡು ಹೊಸ ಕಾಗದದ ಮೇಲೆ ಕಲೆಯಾಗಿ ಉಳಿಯುತ್ತದೆ. ಒದ್ದೆಯಾದ ರಟ್ಟು ಬೂಸ್ಟು ಹಿಡಿಯುತ್ತದೆ, ತೂಕವೂ ಸುಳ್ಳಾಗುವುದರಿಂದ ಕೊಳ್ಳುವವರು ಇಡೀ ಕಟ್ಟನ್ನೇ ಬೇಡವೆನ್ನುತ್ತಾರೆ. ಎಣ್ಣೆ ಹಿಡಿದ ಭಾಗ ಹರಿದು ಕಾಂಪೋಸ್ಟಿಗೆ ಹಾಕಿ, ಉಳಿದದ್ದನ್ನು ಕೊಡಿ.

ಬಬಲ್ ರ‍್ಯಾಪ್, ಸುತ್ತುವ ತೆಳು ಪ್ಲಾಸ್ಟಿಕ್: ಮತ್ತೆ ಬಳಸುವಂತಿದ್ದರೆ ಪೆಟ್ಟಿಗೆಗಳ ಜೊತೆಗೇ ಇಡಿ. ಬೇರ್ಪಡಿಸುವ ಯಂತ್ರವಿರುವ ಊರಾದರೆ ಇದನ್ನು ಉಳಿದ ಒಣ ಕಸದಲ್ಲಿ ಸಡಿಲವಾಗಿ ಬಿಡಲೇಬಾರದು. ಯಂತ್ರದ ತಿರುಗುವ ದಂಡಗಳಿಗೆ ಸುತ್ತಿಕೊಂಡು ಕೊನೆಗೆ ಯಂತ್ರ ನಿಲ್ಲಿಸಿ ಯಾರಾದರೂ ಒಳಗೆ ಇಳಿದು ಕೊಯ್ದು ತೆಗೆಯಬೇಕಾಗುತ್ತದೆ.

ಥರ್ಮೋಕೋಲ್: ಬಹುಪಾಲು ಗಾಳಿಯೇ. ಸಾಗಿಸುವ ಖರ್ಚು ಗಿಟ್ಟದ ಕಾರಣ ಹೆಚ್ಚಿನ ಕಡೆ ತೆಗೆದುಕೊಳ್ಳುವುದಿಲ್ಲ. ಟಿವಿ, ಫ್ರಿಜ್ ತಂದುಕೊಟ್ಟ ಅಂಗಡಿಯವರಿಗೇ ಅದೇ ಗಾಡಿಯಲ್ಲಿ ವಾಪಸ್ ಕೊಡುವಂತೆ ಹೇಳಿ, ಮರುದಿನ ಕೇಳಿದರೆ ಯಾರೂ ಬರುವುದಿಲ್ಲ. ಒಡೆದು ಚಿಕ್ಕದು ಮಾಡಿ ಎಂದು ಮಾತ್ರ ಬರೆಯಬೇಡಿ. ಒಡೆದ ಗುಳಿಗೆ ಗಾಳಿಗೆ ಹಾರಿ ಚರಂಡಿ ಸೇರುತ್ತದೆ, ಆರಿಸುವುದು ಅಸಾಧ್ಯ.

ಎರಡನೇ ಮಹಡಿ:

ಇದು ತುಂಬ ಉಪಯೋಗ. ಒಂದೇ ಹಾಳೆ ಎಂದರೆ ಅದರಲ್ಲಿ ಏನಿರಬೇಕು? ಯಾವುದನ್ನು ಬಿಟ್ಟರೂ ಮುಖ್ಯವಾದದ್ದನ್ನೇ ಬಿಟ್ಟಂತೆ ಅನ್ನಿಸುತ್ತಿದೆ.

ಅಚ್ಚುಮೊಳೆ:

ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಕಸ ಒಯ್ಯುವವರ ಬಳಿ ಹೋಗಿ ನಿಜವಾಗಿ ಏನು ತೆಗೆದುಕೊಳ್ಳುತ್ತಾರೆ, ಅದು ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅಂತರ್ಜಾಲದಲ್ಲಿ ಸಿಗುವ ಪಟ್ಟಿ ಬೇರೆ ಯಾವುದೋ ಊರಿನದಾಗಿರುತ್ತದೆ. ಒಂದು ಕಡೆ ಗಾಜು ತೆಗೆದುಕೊಳ್ಳುತ್ತಾರೆ, ಇನ್ನೊಂದು ಕಡೆ ಇಲ್ಲ. ಒಂದು ಕಡೆ ಬಾಟಲಿಯ ಮುಚ್ಚಳ ಹಾಕಿಯೇ ಕೊಡಿ ಎನ್ನುತ್ತಾರೆ, ಇನ್ನೊಂದು ಕಡೆ ಬಿಚ್ಚಿ ಎನ್ನುತ್ತಾರೆ. ಹೊಸಬರು ತಪ್ಪು ಮಾಡುವುದು ಅಜ್ಞಾನದಿಂದಲ್ಲ, ಹಿಂದಿನ ಊರಿನ ನಿಯಮ ಚೆನ್ನಾಗಿ ಗೊತ್ತಿರುವುದರಿಂದ. ಹಾಗಾಗಿ ಹಾಳೆಯಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ತುಂಬಿಸದೆ, "ಬೇರೆ ಕಡೆಗಿಂತ ಇಲ್ಲಿ ಭಿನ್ನ" ಎನ್ನುವ ನಾಲ್ಕೈದು ವಸ್ತುಗಳನ್ನೇ ದೊಡ್ಡದಾಗಿ ಹಾಕಿ.

ಅಳತೆ ಎ4 ಅರ್ಧ, ಎರಡೂ ಬದಿ. ಮುಂಭಾಗದಲ್ಲಿ ಯಾವ ದಿನ, ಎಷ್ಟು ಗಂಟೆಯೊಳಗೆ, ಎಲ್ಲಿ ಇಡಬೇಕು, ತಪ್ಪಿಹೋದರೆ ಏನು ಮಾಡಬೇಕು. ಕೊನೆಯದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಗಾಡಿ ತಪ್ಪಿದವರು ರಾತ್ರಿ ಮೂಲೆಯಲ್ಲಿ ಚೀಲ ಇಟ್ಟು ಹೋಗುವುದಕ್ಕೆ ಕಾರಣವೇ ಆ ಒಂದು ಸಾಲಿನ ಕೊರತೆ. ಹಿಂಭಾಗದಲ್ಲಿ ವಸ್ತುಗಳ ಫೋಟೋ. ಇಲ್ಲಿನ ಮನೆಗಳಿಂದ ನಿಜವಾಗಿ ಬೀಳುವ ಡಬ್ಬ, ಪೊಟ್ಟಣ, ಬಾಟಲಿಗಳನ್ನೇ ಬಿಳಿ ಬಟ್ಟೆಯ ಮೇಲಿಟ್ಟು ತೆಗೆಯಿರಿ. ಸಿದ್ಧ ಚಿತ್ರಗಳಲ್ಲಿ ಬರುವ ಸೇಬಿನ ದಿಂಡು, ಖಾಲಿ ಹಾಲಿನ ಬಾಟಲಿ ನೋಡಿ ಯಾರಿಗೂ ತಮ್ಮ ಡಬ್ಬ ನೆನಪಾಗುವುದಿಲ್ಲ.

ಬಣ್ಣವೊಂದನ್ನೇ ನಂಬಬೇಡಿ. ಕೆಂಪು-ಹಸಿರು ವ್ಯತ್ಯಾಸ ಕಾಣದವರಿದ್ದಾರೆ, ಒಂದೇ ಬಣ್ಣದಲ್ಲಿ ಮುದ್ರಿಸಿಕೊಳ್ಳುವವರೂ ಇದ್ದಾರೆ. ಡಬ್ಬದ ಮೇಲಿರುವ ಪದವನ್ನೇ ಹಾಳೆಯಲ್ಲೂ ಬಳಸಿ. ಡಬ್ಬದ ಮೇಲೆ "ಒಣ ಕಸ" ಎಂದಿದ್ದು ಹಾಳೆಯಲ್ಲಿ "ಮರುಬಳಕೆಯ ತ್ಯಾಜ್ಯ" ಎಂದಿದ್ದರೆ ಅವೆರಡೂ ಬೇರೆ ಎಂದುಕೊಳ್ಳುತ್ತಾರೆ. ಲ್ಯಾಮಿನೇಷನ್ ಬೇಡ, ಪ್ಲಾಸ್ಟಿಕ್ ಅಂಟಿಸಿದ ಕಾಗದವನ್ನು ಮುಂದೆ ಯಾರೂ ತೆಗೆದುಕೊಳ್ಳುವುದಿಲ್ಲ. ಕೆಳಗಿನ ಮೂಲೆಯಲ್ಲಿ ಮುದ್ರಿಸಿದ ತಿಂಗಳು, ವರ್ಷ ಇರಲೇಬೇಕು, ನಿಯಮ ಬದಲಾದಾಗ ಹಳೆಯದು ಯಾವುದು ಎಂದು ಗೊತ್ತಾಗಲು. ಕ್ಯೂಆರ್ ಕೋಡ್ ಹಾಕುವುದಾದರೆ ಸಂಘದ ಸ್ವಂತ ಪುಟಕ್ಕೆ ಹೋಗುವಂತಿರಲಿ. ಬೇರೆಯವರ ಪುಟದ ವಿಳಾಸ ಬದಲಾದರೆ ಅಚ್ಚಾದದ್ದೆಲ್ಲ ದಂಡ.

ಇನ್ನೊಂದು ಮಾತು, ಭಾಷೆಯ ಬಗ್ಗೆ. "ಬಹಳಷ್ಟು ಜನ ಕಸ ಬೇರ್ಪಡಿಸುತ್ತಿಲ್ಲ, ದಯವಿಟ್ಟು ಸಹಕರಿಸಿ" ಎಂಬ ಸಾಲು ಪ್ರತಿ ಸೂಚನಾಫಲಕದಲ್ಲೂ ಇರುತ್ತದೆ. ಅದು ಉಲ್ಟಾ ಹೊಡೆಯುತ್ತದೆ. ಅಮೆರಿಕದ ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ದೀನಿ ಅವರ ತಂಡ ಇದನ್ನು ಪರೀಕ್ಷಿಸಿತ್ತು. ಅನೇಕರು ಕಲ್ಲಾದ ಮರದ ತುಂಡು ಒಯ್ದು ಉದ್ಯಾನ ಹಾಳಾಗುತ್ತಿದೆ ಎಂಬ ಫಲಕ ಇದ್ದಾಗ, ಗುರುತಿಟ್ಟು ಹರಡಿದ್ದ ತುಂಡುಗಳಲ್ಲಿ ಸುಮಾರು 8% ಕಳುವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಹೇಳಿದ ಫಲಕಕ್ಕೆ 2%ಕ್ಕೂ ಕಡಿಮೆ. ಎಲ್ಲರೂ ಮಾಡುತ್ತಿದ್ದಾರೆ ಎಂದು ನಾವೇ ಹೇಳಿಕೊಟ್ಟಂತಾಗುತ್ತದೆ. "ಇಲ್ಲಿನ ಹೆಚ್ಚಿನ ಮನೆಗಳು ಬೇರ್ಪಡಿಸಿಯೇ ಕೊಡುತ್ತವೆ" ಎಂದು ಬರೆಯಿರಿ, ಅದು ನಿಜವಾಗಿದ್ದರೆ ಮಾತ್ರ. ನಿಜವಲ್ಲದಿದ್ದರೆ ಸುಮ್ಮನೆ ಏನು ಮಾಡಬೇಕೆಂದು ಹೇಳಿ ನಿಲ್ಲಿಸಿ.

ಮಣ್ಣುಹುಳು:

ಹಸಿ ಕಸದ ಬಗ್ಗೆ ಹಾಳೆಯಲ್ಲಿ ಜಾಸ್ತಿ ಬರೆಯುವುದಕ್ಕಿಂತ ಕೈಯಲ್ಲಿ ಮಾಡಿ ತೋರಿಸುವುದು ಒಂದಿದೆ: ಡಬ್ಬದೊಳಗೆ ಹಾಕುವ ಕಾಗದದ ಚೀಲ. ಹಸಿ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಡುವ ಅಭ್ಯಾಸ ಬಿಡಿಸದೆ ಬೇರೆ ಏನು ಹೇಳಿದರೂ ನೀರಿನಲ್ಲಿ ಹೋಮ.

ಪತ್ರಿಕೆಯ ಪೂರ್ಣ ಹಾಳೆ ಎರಡು, ಒಂದರ ಮೇಲೊಂದು. ಒಂದು ಬದಿ ಮಡಚಿ ಚೌಕ ಮಾಡಿ. ಚೌಕವನ್ನು ಕರ್ಣಕ್ಕೆ ಮಡಚಿದರೆ ತ್ರಿಕೋನ, ಮಡಿಕೆಯ ಉದ್ದ ಬದಿ ನಿಮ್ಮ ಕಡೆ, ತುದಿ ಮೇಲೆ. ಬಲ ಮೂಲೆಯನ್ನು ಎತ್ತಿ ಎಡ ಇಳಿಜಾರಿನ ಅಂಚಿಗೆ ತನ್ನಿ, ಆ ತುಂಡಿನ ಮೇಲಂಚು ತಳಕ್ಕೆ ಸಮಾನಾಂತರವಾಗಿರಬೇಕು. ಎಡ ಮೂಲೆಯನ್ನು ಹಾಗೇ ಬಲಕ್ಕೆ ತನ್ನಿ. ಈಗ ಮೇಲೆ ಎರಡು ತುದಿ ಉಳಿಯುತ್ತವೆ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಮಡಚಿ ಬಾಯಿ ಅಗಲಿಸಿ. 5ರಿಂದ 8 ಲೀಟರಿನ ಡಬ್ಬಕ್ಕೆ ಸರಿಯಾಗಿ ಕೂರುತ್ತದೆ. ತಳದಲ್ಲಿ ಇನ್ನೊಂದು ಕಾಗದವನ್ನು ನಾಲ್ಕಾಗಿ ಮಡಚಿ ಇಟ್ಟರೆ ನೀರು ಹೀರಿಕೊಳ್ಳುತ್ತದೆ. ತಳ ಒದ್ದೆಯಾಗಿ ಹರಿಯುತ್ತಿದ್ದರೆ ಕಾಗದದ ದೋಷವಲ್ಲ, ಪಾತ್ರೆಯಲ್ಲಿ ಉಳಿದ ಸಾರು, ನೀರನ್ನು ಬಸಿಯದೆ ಸುರಿದಿರುತ್ತಾರೆ. ಬಸಿದು ಹಾಕಿ, ದಿನಕ್ಕೊಮ್ಮೆ ಖಾಲಿ ಮಾಡಿ, ಮುಚ್ಚಳ ಮುಚ್ಚಿ. ವಾಸನೆಯ ದೂರುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ನಿಲ್ಲುತ್ತವೆ.

ಸಮುಚ್ಚಯದಲ್ಲೇ ಕಾಂಪೋಸ್ಟ್ ಮಾಡುವುದಾದರೆ ಹೊಸಬರಿಗೆ ಒಂದೇ ನಿಯಮ ಸಾಕು: ಒಂದು ಡಬ್ಬ ಹಸಿ ಹಾಕಿದರೆ ಎರಡು ಡಬ್ಬ ಪುಡಿ ಮಾಡಿದ ಒಣ ಎಲೆ ಹಾಕಿ ಮುಚ್ಚಬೇಕು. ಇಂಗಾಲ-ಸಾರಜನಕ ಅನುಪಾತ 25ರಿಂದ 30ಕ್ಕೆ 1 ಇರಬೇಕು ಎಂಬುದು ಉಸ್ತುವಾರಿ ನೋಡುವವರಿಗೆ ಗೊತ್ತಿದ್ದರಾಯಿತು. ಅಮೋನಿಯದ ಘಾಟು ಬಂದರೆ ಹಸಿ ಜಾಸ್ತಿಯಾಗಿದೆ, ಎಲೆ ಸೇರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ತಿರುವಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ನೀರು ಹೆಚ್ಚು, ಪುಡಿಯಾಗಿ ಉದುರಿದರೆ ಕಡಿಮೆ. ದಪ್ಪ ಬೂದು-ಕಂದು ಹುಳು ಕಂಡು ಹೊಸಬರು ಹೆದರುತ್ತಾರೆ. ಕಪ್ಪು ಸೈನಿಕ ನೊಣದ ಮರಿಗಳು ಅವು, ಕಚ್ಚುವುದಿಲ್ಲ, ಕಸ ತಿಂದು ಬೇಗ ಮುಗಿಸುತ್ತವೆ.

"ಕಾಂಪೋಸ್ಟ್ ಆಗುತ್ತದೆ" ಎಂದು ಬರೆದಿರುವ ಲೋಟ, ಚಮಚಗಳನ್ನು ಮಾತ್ರ ಇದರೊಳಗೆ ಬಿಡಬೇಡಿ. ಅವುಗಳಲ್ಲಿ ಬಹಳಷ್ಟು ಪಿಎಲ್‌ಎ ಎಂಬ ಪ್ಲಾಸ್ಟಿಕ್. ಕಾರ್ಖಾನೆ ಮಟ್ಟದ ಕಾಂಪೋಸ್ಟಿನಲ್ಲಿ 60 ಡಿಗ್ರಿ ಹತ್ತಿರದ ಬಿಸಿ ವಾರಗಟ್ಟಲೆ ಸಿಕ್ಕರೆ ಕರಗುತ್ತದೆ, ಮನೆಯ ಡ್ರಮ್ಮಿನಲ್ಲಿ ಹಾಕಿದಂತೆಯೇ ಉಳಿಯುತ್ತದೆ. ಒಣ ಕಸಕ್ಕೆ ಹಾಕಿದರೂ ನೀರು, ತಂಪು ಪಾನೀಯದ ಪೆಟ್ ಪ್ಲಾಸ್ಟಿಕ್ ಬಾಟಲಿಗಳ ಜೊತೆ ಬೆರೆತು ಅದನ್ನು ಕೆಡಿಸುತ್ತದೆ.

ಲೆಕ್ಕದ ಪುಸ್ತಕ:

ಬಟ್ಟೆ ಚೀಲದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನ್ನ ಮತ ಬೇಡ ಎಂದು. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಇಲಾಖೆ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ಸಾಮಾನ್ಯ ಹತ್ತಿ ಚೀಲ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ದೃಷ್ಟಿಯಿಂದ ಮೇಲೆನಿಸಲು 52 ಬಾರಿ ಬಳಕೆಯಾಗಬೇಕು. ನೀರು, ಓಝೋನ್ ಪದರ ಮೊದಲಾದ ಎಲ್ಲ ಮಾನದಂಡ ಸೇರಿಸಿದರೆ 7,100 ಬಾರಿ. ಬೀದಿಗೆ, ಚರಂಡಿಗೆ ಬೀಳುವ ಪ್ಲಾಸ್ಟಿಕ್ಕಿನ ಹಾನಿ ಆ ಲೆಕ್ಕದಲ್ಲಿ ಇಲ್ಲ, ಹಾಗಾಗಿ ಪ್ಲಾಸ್ಟಿಕ್ ಒಳ್ಳೆಯದು ಎಂದು ಇದರ ಅರ್ಥವಲ್ಲ. ಮನೆಯಲ್ಲಿ ಈಗಾಗಲೇ ಚೀಲಗಳಿರುವವರಿಗೆ ಇನ್ನೊಂದು ಕೊಡುವುದು ಕಸ ಕಡಿಮೆ ಮಾಡುವ ಕೆಲಸವಲ್ಲ ಎಂದಷ್ಟೇ. ಕೀಲಿ ಗೊಂಚಲು, ಮಗ್, ಪೆನ್ನು ಇವೂ ಅದೇ ಸಾಲು.

ಕಸಬರಿಗೆ:

ಒಪ್ಪುತ್ತೇನೆ, ಆದರೆ ಅರ್ಧ. ಕೈಗೊಂದು ವಸ್ತು ಬಂದರೆ ಕೆಲಸ ಶುರುವಾಗುತ್ತದೆ ಎಂಬುದೂ ನಿಜ. ಮುಚ್ಚಳವಿರುವ ಚಿಕ್ಕ ಹಸಿ ಕಸದ ಡಬ್ಬ ಇಲ್ಲದ ಮನೆಗೆ ಅದನ್ನು ಕೊಡಿ, ಇದೆಯೇ ಎಂದು ಕೇಳಿದ ಮೇಲೆ. ಮನೆ ಖಾಲಿ ಮಾಡಿ ಹೋದವರು ಬಿಟ್ಟ ಡಬ್ಬಗಳನ್ನು ತೊಳೆದು ಬಿಸಿಲಲ್ಲಿ ಒಣಗಿಸಿ ಇಟ್ಟುಕೊಂಡಿದ್ದರೆ ಹೊಸದು ತರುವ ಪ್ರಮೇಯವೇ ಬರುವುದಿಲ್ಲ.

ಲೆಕ್ಕದ ಪುಸ್ತಕ:

ಕೇಳಿದ ಮೇಲೆ ಎಂದಿದ್ದಕ್ಕೆ ನನ್ನದೂ ಒಪ್ಪಿಗೆ.

ಫ್ಯೂಸ್ ಬಾಕ್ಸ್:

ಯಾರೂ ಅಪಾಯದ ವಸ್ತುಗಳ ಸುದ್ದಿ ಎತ್ತಿಲ್ಲ. ಮನೆ ಬದಲಿಸುವಾಗ ಡ್ರಾಯರುಗಳೆಲ್ಲ ಖಾಲಿಯಾಗುತ್ತವೆ, ವರ್ಷಗಳಿಂದ ಮಲಗಿದ್ದ ಬ್ಯಾಟರಿ, ಮಾತ್ರೆ, ಹಳೆಯ ಫೋನುಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಹಾಳೆಯಲ್ಲಿ ಇವಕ್ಕೆ ಒಂದು ಚೌಕ ಮೀಸಲಿಡಿ, ಕೊಡುವ ಜಾಗ ಯಾವುದು ಎಂಬುದರ ಸಮೇತ.

ಲಿಥಿಯಂ ಬ್ಯಾಟರಿ ಯಾವ ಡಬ್ಬಕ್ಕೂ ಹೋಗಬಾರದು. ಕಸದ ಗಾಡಿಯಲ್ಲಿ ಒತ್ತಿದಾಗ ಒಳಗಿನ ಪದರ ಹರಿದು ಶಾರ್ಟ್ ಆಗುತ್ತದೆ, ಸುತ್ತಲೂ ಒಣ ಕಾಗದ ಇರುವುದರಿಂದ ಬೆಂಕಿ ಹಿಡಿಯಲು ಕ್ಷಣ ಸಾಕು. ಎರಡೂ ತುದಿಗೆ ಟೇಪ್ ಅಂಟಿಸಿ ಪ್ರತ್ಯೇಕವಾಗಿಡಿ. ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಒಣ ಮರಳು ತುಂಬಿದ ಲೋಹದ ಡಬ್ಬದಲ್ಲಿ, ಸುಡುವ ವಸ್ತು ಹತ್ತಿರವಿಲ್ಲದ ಕಡೆ ಇಟ್ಟು ಬೇಗ ಸಂಗ್ರಹ ಕೇಂದ್ರಕ್ಕೆ ತಿಳಿಸಿ. ಗುಂಡಿಯಂಥ ಚಿಕ್ಕ ಸೆಲ್ಲುಗಳನ್ನು ಎರಡೂ ಬದಿ ಟೇಪಿನಿಂದ ಪೂರ್ತಿ ಮುಚ್ಚಿ ಮಕ್ಕಳ ಕೈಗೆ ಎಟುಕದಂತಿಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು, ಕಾಯದೆ ಆಸ್ಪತ್ರೆಗೆ ಓಡಬೇಕು.

ಟ್ಯೂಬ್‌ಲೈಟ್, ಸಿಎಫ್‌ಎಲ್ ದೀಪಗಳಲ್ಲಿ ಸ್ವಲ್ಪ ಪಾದರಸ ಇರುತ್ತದೆ. ಸಾಗಿಸುವಾಗ ಒಡೆದರೆ ಕಿಟಕಿ ತೆರೆದು, ಎಸಿ ಇದ್ದರೆ ಆರಿಸಿ, 5ರಿಂದ 10 ನಿಮಿಷ ಕೋಣೆಯಿಂದ ಹೊರಗಿರಿ. ಪೊರಕೆಯನ್ನೂ ವ್ಯಾಕ್ಯೂಮ್ ಕ್ಲೀನರನ್ನೂ ಬಳಸಬೇಡಿ, ಎರಡೂ ಅದನ್ನು ಹರಡುತ್ತವೆ. ಎರಡು ಗಟ್ಟಿ ರಟ್ಟಿನಿಂದ ಚೂರು ಎತ್ತಿ, ಪುಡಿಯನ್ನು ಟೇಪಿನಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಹಾಕಿ ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆಗೆ ಕೊಡಿ.

ಅವಧಿ ಮೀರಿದ ಔಷಧಿಯನ್ನು ಶೌಚಕ್ಕೆ ಸುರಿಯಬೇಡಿ, ನೀರು ಶುದ್ಧೀಕರಿಸುವ ಘಟಕಗಳಿಗೆ ಅವನ್ನೆಲ್ಲ ಹಿಡಿಯಲಾಗುವುದಿಲ್ಲ. ವಾಪಸ್ ತೆಗೆದುಕೊಳ್ಳುವ ಔಷಧ ಅಂಗಡಿ ಅಥವಾ ಆಸ್ಪತ್ರೆ ಯಾವುದೆಂದು ಹುಡುಕಿ ಹಾಳೆಯಲ್ಲಿ ಬರೆಯಿರಿ. ಸೂಜಿಗಳು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮುಚ್ಚಳ ಭದ್ರ, ಮೇಲೆ ಬರಹ. ಕಸ ಆರಿಸುವವರ ಕೈ ಅದರ ಮೇಲೆ ಬೀಳುತ್ತದೆ ಎಂಬುದು ನೆನಪಿರಲಿ.

ತಾರಸಿ:

ಒಂದು ಸಂದೇಹ. ಒಡೆದ ಗಾಜಿನ ಪಾತ್ರೆಯನ್ನು ಗಾಜಿನ ಬಾಟಲಿಗಳ ಜೊತೆ ಹಾಕಬಹುದೇ? ಅಂಗಡಿಯ ರಸೀದಿ ಕಾಗದದ ಜೊತೆ ಸೇರಿಸಬಹುದೇ?

ಗುಜರಿ ಗೆಳೆಯ:

ಎರಡೂ ಬೇಡ. ಒಲೆ, ಓವನ್ ತಡೆಯುವ ಗಾಜು ಬಾಟಲಿ ಗಾಜಿಗಿಂತ ಹೆಚ್ಚಿನ ಬಿಸಿಗೆ ಕರಗುವಂಥದ್ದು, ಕುಲುಮೆಯಲ್ಲಿ ಕರಗದೆ ಉಳಿದು ಹೊಸ ಬಾಟಲಿಯಲ್ಲಿ ಗಂಟಾಗುತ್ತದೆ, ಬಾಟಲಿ ಅಲ್ಲೇ ಒಡೆಯುತ್ತದೆ. ಪಿಂಗಾಣಿಯೂ ಹಾಗೆಯೇ. ದಪ್ಪ ಕಾಗದದಲ್ಲಿ ಸುತ್ತಿ "ಒಡೆದ ಗಾಜು" ಎಂದು ಬರೆದು ಬೇರೆ ಕೊಡಿ. ರಸೀದಿಯನ್ನು ಉಗುರಿನಿಂದ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಅದು ಬಿಸಿಗೆ ಅಚ್ಚಾಗುವ ಕಾಗದ. ಬಣ್ಣ ಮೂಡಿಸುವ ರಾಸಾಯನಿಕ ಲೇಪ ಇರುವುದರಿಂದ ಕಾಗದದ ಗುಜರಿಗೂ ಬೇಡ, ಕಾಂಪೋಸ್ಟಿಗೂ ಬೇಡ.

ಇದರ ಜೊತೆಗೇ ಕಪ್ಪು ಪ್ಲಾಸ್ಟಿಕ್ ತಟ್ಟೆ, ಡಬ್ಬಗಳ ಸಂಗತಿಯನ್ನೂ ಹೇಳಿಬಿಡುತ್ತೇನೆ. ಯಂತ್ರದಲ್ಲಿ ಅತಿಗೆಂಪು ಬೆಳಕು ಬಿಟ್ಟು ಪ್ಲಾಸ್ಟಿಕ್ ಗುರುತಿಸುತ್ತಾರೆ. ಕಪ್ಪು ಬಣ್ಣಕ್ಕೆ ಹಾಕುವ ಇಂಗಾಲದ ಪುಡಿ ಆ ಬೆಳಕನ್ನು ಹೀರಿಬಿಡುತ್ತದೆ, ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ತಳದಲ್ಲಿ ಬಾಣದ ತ್ರಿಕೋನ, ಒಳಗೆ 5 ಎಂದು ಇದ್ದರೂ ಅಷ್ಟೇ. ಆ ಸಂಖ್ಯೆ ಯಾವ ಜಾತಿಯ ಪ್ಲಾಸ್ಟಿಕ್ ಎಂದು ತಿಳಿಸುತ್ತದೆ, ನಿಮ್ಮ ಊರಿನಲ್ಲಿ ಕೊಳ್ಳುತ್ತಾರೆ ಎಂದಲ್ಲ. "ಇರಲಿ ಬಿಡು, ಅವರೇ ಬೇರ್ಪಡಿಸಲಿ" ಎಂದು ಅನುಮಾನದ ವಸ್ತುವನ್ನೆಲ್ಲ ಒಣ ಕಸಕ್ಕೆ ತುಂಬಿದರೆ ಒಳ್ಳೆಯ ಮಾಲೂ ಅದರ ಜೊತೆಗೇ ಕೆಡುತ್ತದೆ.

ಲೆಕ್ಕದ ಪುಸ್ತಕ:

ಇಷ್ಟು ಹೊತ್ತು ನಾವೆಲ್ಲ ಬೇರ್ಪಡಿಸುವುದನ್ನೇ ಮಾತಾಡಿದ್ದೇವೆ. ಪ್ರಶ್ನೆ ಇದ್ದದ್ದು ಕಡಿಮೆ ಮಾಡುವುದರ ಬಗ್ಗೆ. ಡಬ್ಬ ಎಷ್ಟು ಚೆನ್ನಾಗಿ ಜೋಡಿಸಿದರೂ ಬರುವ ಕಸದ ಪ್ರಮಾಣ ಅಷ್ಟೇ ಇರುತ್ತದೆ.

ಹೊಸ ಮನೆಗೆ ಬಂದವರು ಮೊದಲ ತಿಂಗಳು ಸಿಕ್ಕಾಪಟ್ಟೆ ಕೊಳ್ಳುತ್ತಾರೆ: ಡ್ರಿಲ್ಲು, ಏಣಿ, ಪರದೆ, ಕಪಾಟು, ಪೇಂಟು. ಇವುಗಳಲ್ಲಿ ಡ್ರಿಲ್ಲು, ಏಣಿ, ಲೆವೆಲ್ ಪಟ್ಟಿ, ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡ್ ಬೇಕಾಗುವುದು ಬೆರಳೆಣಿಕೆಯ ದಿನ ಮಾತ್ರ. ಸಂಘದ ಕೋಣೆಯಲ್ಲಿ ಒಂದು ಸಾಲು ಎರವಲು ಉಪಕರಣ ಇಟ್ಟು, "ಡ್ರಿಲ್ ಕೊಳ್ಳಬೇಡಿ, ಇಲ್ಲಿದೆ" ಎಂದು ಮೊದಲ ಸಂದೇಶದಲ್ಲೇ ತಿಳಿಸಿ. 4ನೇ ದಿನ ತಿಳಿಸಿದರೆ ಅಷ್ಟರಲ್ಲಿ ಕೊಂಡಾಗಿರುತ್ತದೆ. ಪುಸ್ತಕದಲ್ಲಿ ಒಯ್ದ ದಿನ, ತರಬೇಕಾದ ದಿನ, ಡ್ರಿಲ್ಲಿನ ಬಿಟ್ (ತೂತು ಕೊರೆಯುವ ಮೊನೆ) ಎಷ್ಟು ಎಂದು ಬರೆಸಿ. ಇಂಥ ವ್ಯವಸ್ಥೆ ಕೆಡುವುದು ಉಪಕರಣ ಕಳೆದುಹೋಗಿ ಅಲ್ಲ, ಮೊಂಡಾದ ಬಿಟ್ಟನ್ನು ಯಾರೂ ಬದಲಿಸದೆ. ಅದಕ್ಕೊಬ್ಬರು ಹೊಣೆ ಇರಬೇಕು.

ಮತ್ತೆ, ಹಾಳೆಯ ಹಿಂಬದಿಯಲ್ಲಿ ನಡೆದು ಹೋಗುವ ದೂರದಲ್ಲಿರುವ ರಿಪೇರಿಯವರ ಪಟ್ಟಿ: ಚಪ್ಪಲಿ, ಚೀಲದ ಜಿಪ್, ಮಿಕ್ಸಿ, ಹೊಲಿಗೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿಲ್ಲದ ಕಾರಣಕ್ಕೇ ಎಸೆದು ಹೊಸದು ತರುತ್ತಾರೆ. ಡಬ್ಬ ಒಯ್ದರೆ ತುಂಬಿ ಕೊಡುವ ಅಂಗಡಿ ಇದ್ದರೆ ಅದೂ ಇರಲಿ. ಹಿಂದಿನ ಬಾಡಿಗೆಯವರ ಹೆಸರಿಗೆ ಬರುವ ಅಂಚೆ, ಕ್ಯಾಟಲಾಗ್ ನಿಲ್ಲಿಸುವುದು ಹೇಗೆ ಎಂಬ ಒಂದು ಸಾಲೂ ಸೇರಿಸಿ. ಮುದ್ರಣದ ಜಾಗ ಸಾಲದಿದ್ದರೆ ಪ್ಲಾಸ್ಟಿಕ್ಕಿನ ಸಂಖ್ಯೆಗಳ ಕೋಷ್ಟಕ ತೆಗೆದು ಇದನ್ನು ಹಾಕಿ ಎಂಬುದೇ ನನ್ನ ಸಲಹೆ.

ಅಚ್ಚುಮೊಳೆ:

ಸರಿಯಾದ ಮಾತು. ಆ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕು, ಅಂಗಡಿ ಮುಚ್ಚಿದ್ದರೆ ಹಾಳೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ರಿಪೇರಿಯವರ ಮೊಬೈಲ್ ಸಂಖ್ಯೆ ಹಾಕುವ ಮೊದಲು ಅವರ ಒಪ್ಪಿಗೆ ಕೇಳಿ.

ಎರಡನೇ ಮಹಡಿ:

ಅಳೆಯುವುದು ಹೇಗೆ ಎಂಬುದೊಂದು ಉಳಿದಿದೆ. ತೂಗುವುದೇ?

ಮಣ್ಣುಹುಳು:

ತೂಗಬಹುದು, ಆದರೆ ಯಾರ ಮನೆಯ ಚೀಲವನ್ನೂ ಹೆಸರಿಟ್ಟು ಬಿಚ್ಚಬೇಡಿ. ಸಾಮೂಹಿಕ ಡಬ್ಬದಿಂದ, ವಾರದ ಒಂದೇ ದಿನ, ಒಂದೇ ಹೊತ್ತಿಗೆ ಮಾದರಿ ತೆಗೆಯಿರಿ. ಹಾಳೆ ಕೊಡಲು ಶುರುಮಾಡುವ ಮೊದಲು 4 ವಾರ, ಆಮೇಲೆ 4 ವಾರ. ಒಣ ಕಸದ ಸುಮಾರು 20 ಕೆಜಿಯನ್ನು ತಾರ್ಪಾಲಿನ ಮೇಲೆ ಸುರಿದು, ದಪ್ಪ ಕೈಗವಸು ಮತ್ತು ಇಕ್ಕಳದಿಂದ ತಪ್ಪಾಗಿ ಬಂದದ್ದನ್ನು ಬೇರೆ ಮಾಡಿ, ತೂಗುಕೊಕ್ಕೆಯ ತಕ್ಕಡಿಯಲ್ಲಿ ತೂಗಿ. ತಪ್ಪಿನ ತೂಕ 3 ಕೆಜಿ ಬಂದರೆ ಬೆರಕೆ 15%. ಮಳೆ ಬಂದ ದಿನದ ಅಂಕಿ ಬಿಟ್ಟುಬಿಡಿ, ನೀರು ಕುಡಿದ ಕಾಗದ ಲೆಕ್ಕವನ್ನೇ ತಿರುಚುತ್ತದೆ.

ಶೇಕಡಾವಾರಿಗಿಂತ ಯಾವ ವಸ್ತು ತಪ್ಪಾಗಿ ಬರುತ್ತಿದೆ ಎಂಬುದು ಮುಖ್ಯ. ಮೂರು ವಾರವೂ ಒದ್ದೆ ಟಿಶ್ಯೂ ಕಾಗದವೇ ಸಿಕ್ಕರೆ ಮುಂದಿನ ಮುದ್ರಣದಲ್ಲಿ ಅದರ ಫೋಟೋ ಮೊದಲ ಸಾಲಿಗೆ ಬರಬೇಕು. ತಿಂಗಳಿಗೆ ಮೂರು ನಾಲ್ಕು ಮನೆ ಬದಲಾಗುವ ಕಡೆ ಬೆರಕೆ ಕಡಿಮೆಯಾದದ್ದು ಹಾಳೆಯಿಂದಲೇ ಎಂದು ಸಾಧಿಸಲು ಆಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಡಿಮೆ ಮಾಡುವುದರ ಅಳತೆಗೆ ಎರವಲು ಪುಸ್ತಕ, ಮತ್ತೆ ಬಳಕೆಯಾದ ಪೆಟ್ಟಿಗೆಗಳ ಎಣಿಕೆ ಸಾಕು.

ತಾರಸಿ:

ಬಾಡಿಗೆಯವರು ಬಂದದ್ದು ಸಂಘಕ್ಕೆ ತಿಳಿಯುವುದೇ ತಿಂಗಳ ಮೇಲೆ. ಮಾಲೀಕರು ಬೇರೆ ಊರಿನಲ್ಲಿರುತ್ತಾರೆ. ಆ ಮೊದಲ ಕಂತನ್ನು ಯಾರು ಮುಟ್ಟಿಸುವುದು?

ಕಸಬರಿಗೆ:

ಮಾಲೀಕರನ್ನು ಕಾಯಬೇಡಿ. ಸಾಮಾನಿನ ಲಾರಿ ಒಳಗೆ ಬರಲು, ಲಿಫ್ಟ್ ಕಾದಿರಿಸಲು ಹೇಗೂ ಗೇಟಿನಲ್ಲಿ ಅನುಮತಿ ಕೇಳುತ್ತಾರೆ. ಆ ಅನುಮತಿಯ ಸಂದೇಶದಲ್ಲೇ ಎರಡು ವಾಕ್ಯ ಸೇರಿಸಿ, ಲಾರಿಯ ದಿನಾಂಕವನ್ನು ಹಾಳೆ ಕೊಡುವವರಿಗೂ ತಿಳಿಸುವ ವ್ಯವಸ್ಥೆ ಮಾಡಿ. ಮನೆ ಖಾಲಿ ಮಾಡುವವರ ಲಾರಿಗೂ ಅದೇ ಅನುಮತಿ ಬೇಕಲ್ಲ, ಅವರಿಗೆ "ಹೋಗುವ ಎರಡು ವಾರ ಮೊದಲು ಬೇಡವಾದ ಸಾಮಾನಿನ ಪಟ್ಟಿ ಕೊಡಿ" ಎಂದು ಅಲ್ಲೇ ಹೇಳಬಹುದು. ಹೋಗುವವರ ಕಪಾಟು ಬರುವವರಿಗೆ ಆಗುತ್ತದೆ. ಎರಡು ವಾರಕ್ಕಿಂತ ಕಡಿಮೆ ಅವಧಿ ಇಟ್ಟರೆ ಕೊನೆಯ ರಾತ್ರಿ ಎಲ್ಲವೂ ಮೆಟ್ಟಿಲ ಕೆಳಗೆ ಬಂದು ಬೀಳುತ್ತದೆ.

ಎರಡನೇ ಮಹಡಿ:

ಗೇಟಿನ ಅನುಮತಿ ಹೊಳೆದೇ ಇರಲಿಲ್ಲ. ಕರಡನ್ನು ಅರ್ಧ ಎ4ಗೆ ಇಳಿಸಿ, ಚೀಲ ಕೈಬಿಟ್ಟು, ಮೊದಲು ಕಸ ಒಯ್ಯುವವರ ಬಳಿ ಪಟ್ಟಿ ಖಚಿತಪಡಿಸಿಕೊಂಡು ಇಲ್ಲೇ ಹಾಕುತ್ತೇನೆ. ಫೋಟೋ ಪುಟದಲ್ಲಿ ಎಷ್ಟು ವಸ್ತು ಹಿಡಿಸಬಹುದು, ಅಚ್ಚುಮೊಳೆ ಅವರೇ?

ಅಚ್ಚುಮೊಳೆ:

ಅರ್ಧ ಎ4ನಲ್ಲಿ ಮೂರು ಸಾಲು, ಸಾಲಿಗೆ ನಾಲ್ಕು. ಹನ್ನೆರಡಕ್ಕಿಂತ ಹೆಚ್ಚಾದರೆ ಚಿತ್ರ ಅಂಚೆಚೀಟಿಯಷ್ಟಾಗುತ್ತದೆ, ಕನ್ನಡಕ ಹುಡುಕಬೇಕು.